ಇಬ್ಬರೂ ಒಬ್ಬಳೇ

ಐದನೆಯ ಸುತ್ತಿನಲ್ಲಿ ಅವರು ಕೇಳಿದ್ದು ಇಷ್ಟೆ:
ಕೋಟಿಗಟ್ಟಲೆ ಹೆಸರುಗಳ ಪಟ್ಟಿಯಲ್ಲಿ
ತುಸುವೇ ಬೇರೆಯಾಗಿ ಬರೆದ ಎರಡು ಹೆಸರು
ಒಬ್ಬರದೇ ಎಂದು ಯಂತ್ರಕ್ಕೆ ಹೇಗೆ ತಿಳಿಸುತ್ತೀರಿ?

ಕುಂಬಳೆ ಪೇಟೆ, ಅಕ್ಷಯ ಕೇಂದ್ರದ ಹಿಂಬದಿ ಕೋಣೆ,
ಗಂಟೆಗೆ ನಲವತ್ತು ರೂಪಾಯಿ.
ಮೇಜಿನಡಿ ಝೆರಾಕ್ಸ್ ಕಾಗದದ ಕಟ್ಟು, ಅದರ ಮೇಲೆ ನನ್ನ ಕಾಲು.
ಪರದೆಯಲ್ಲಿ ಮೂರು ಮುಖ; ಒಂದರ ಹಿಂದೆ ಹಿಮ ಬೀಳುತ್ತಿತ್ತು.
ಅಕ್ಷರ ಅಕ್ಷರ ಅಳೆಯಬೇಕು, ಎಂದೆ.
ಎಷ್ಟು ಅಕ್ಷರ ಬದಲಿಸಿದರೆ ಇದು ಅದಾಗುತ್ತದೋ
ಅಷ್ಟೇ ಅವೆರಡರ ನಡುವಿನ ದೂರ.
ಉದಾಹರಣೆ?
ನನ್ನ ಹೆಸರನ್ನೇ ಕೊಟ್ಟೆ.

ಅಮೃತಾಕ್ಷಿ.
ಕನ್ನಡ ಶಾಲೆಯ ಗುಮಾಸ್ತರು ಇಂಗ್ಲಿಷಿಗೆ ಇಳಿಸುವಾಗ
ತುಟಿ ಮುಂದೆ ಚಾಚಿ ಉ ಹಾಕಿದರು: ಅಮ್ರುತಾಕ್ಷಿ.
ಪಂಚಾಯತಿನ ಮಲಯಾಳದ ಗುಮಾಸ್ತರು
ತುಟಿ ಅಗಲಿಸಿ ಇ ಹಾಕಿದರು: ಅಮ್ರಿತಾಕ್ಷಿ.
ದೂರ, ಒಂದು.
ಚಂದ, ಎಂದಿತು ಹಿಮದ ಮುಖ.
ಒಂಬತ್ತನೆಯ ದಿನ ಕೆಲಸ ಸಿಕ್ಕಿತು.

ಸಂಬಳದ ಅಂಕೆ ಅಮ್ಮನಿಗೆ ಓದಿ ಹೇಳಿದೆ.
ಮೊರದಿಂದ ಕಣ್ಣೆತ್ತದೆ,
ಸಾವಿರ ಬೀಡಿಗೆ ಇಷ್ಟು ಎಂಬ ತನ್ನ ಲೆಕ್ಕದಲ್ಲಿ
ತುಟಿಯಲ್ಲೇ ಭಾಗಿಸಿ ನೋಡಿದಳು.
ನೂಲು ಕಡಿದು ಹೇಳಿದಳು:
"ಅಷ್ಟು ಬೀಡಿ ಸೇದುವವರು ಈ ಲೋಕದಲ್ಲಿ ಇಲ್ಲ ಮಾರಾಯ್ತಿ."

ಆಮೇಲೆ ಬಂತು ಹಿನ್ನೆಲೆ ಪರಿಶೀಲನೆ.
ಕಂಪೆನಿ ಗೊತ್ತುಮಾಡಿದ ಇನ್ನೊಂದು ಕಂಪೆನಿಯ ಹುಡುಗ
ಸ್ಕೂಟರಿನಲ್ಲಿ ಬಂದು, ಬೇಲಿಯಾಚೆ ಐಸುಮ್ಮನ ಹತ್ತಿರ
ಅಮ್ರಿತಾಕ್ಷಿ ಎಂಬವರ ಪರಿಚಯ ಉಂಟೋ ಎಂದ.
ಇಪ್ಪತ್ತಾರು ವರ್ಷ ನನ್ನನ್ನು ಅಮ್ತು ಎಂದೇ ಕರೆದ ಐಸುಮ್ಮ,
ನನ್ನ ಮೊದಲ ಹಾಲುಹಲ್ಲನ್ನು ಮಾಡಿಗೆ ಎಸೆದ ಐಸುಮ್ಮ,
ಬಂದವ ಸಾಲದವನೋ ಪೊಲೀಸನೋ ಎಂದು ಅಂದಾಜು ಹಾಕಿ
ನನ್ನನ್ನು ಕಾಪಾಡುವುದಕ್ಕಾಗಿಯೇ ಹೇಳಿದರು:
ಆ ಹೆಸರಿನವಳು ಈ ಓಣಿಯಲ್ಲಿ ಹುಟ್ಟಿಯೇ ಇಲ್ಲ.
ಹುಡುಗ ಬರೆದುಕೊಂಡ.

ವ್ಯತ್ಯಾಸ ಕಂಡುಬಂದಿದೆ, ಏಳು ದಿನದೊಳಗೆ ಸಮಜಾಯಿಷಿ ಕೊಡಿ.
ನನ್ನ ಉತ್ತರಕ್ಕೆ ಚಂದ ಎಂದವರದು ಬೇರೆ ಇಲಾಖೆಯಂತೆ,
ಅವರಿಗೆ ಬರೆಯುವ ಹಾಗಿಲ್ಲ.
ಅಮ್ಮನ ಬೀಡಿ ಬ್ರಾಂಚಿನ ಪಿ.ಎಫ್. ಪುಸ್ತಕ ಬಿಡಿಸಿದರೆ
ನಾಮಿನಿಯ ಕಾಲಮಿನಲ್ಲಿ ಮೂರನೆಯವಳು ಕೂತಿದ್ದಳು,
ಅಮೂರ್ತಾಕ್ಷಿ.

ವಿಲ್ಲೇಜ್ ಆಫೀಸು. ಮೂರನೆಯ ಸಲ.
ಆಫೀಸರು ಕೊಟ್ಟಾರಕ್ಕರದಿಂದ ವರ್ಗವಾಗಿ ಬಂದವರು,
ಇಲ್ಲಿಯ ಮೀನುಸಾರು ಇನ್ನೂ ಒಗ್ಗದವರು.
ನಿಮ್ಮ ಹೆಸರು ನೀವೇ ಹೇಳಿ, ಎಂದರು. ಹೇಳಿದೆ.
ಅವರೂ ಹೇಳಿ ನೋಡಿದರು.
ಮತ್ತೆ ನಾನು, ಮತ್ತೆ ಅವರು,
ಫೈಲು ಹಿಡಿದು ಬಂದ ಪ್ಯೂನೂ ಒಮ್ಮೆ.
ನನ್ನ ಉ, ಅವರ ಇ,
ನಡುವೆ ಎಲ್ಲೋ ಋ ಇತ್ತು.
ಯಾರ ನಾಲಗೆಗೂ ಸಿಗಲಿಲ್ಲ.
ಅವರು ನಕ್ಕರು, ಪಾಪ, ಆ ದಿನಕ್ಕೆ ಮೊದಲ ಸಲವೋ ಏನೋ.
ಸದರಿ ಇಬ್ಬರೂ ಒಬ್ಬಳೇ ವ್ಯಕ್ತಿ ಎಂದು ಬರೆದು
ಉರುಟು ಮೊಹರು ಒತ್ತಿದರು.
ಮೂರನೆಯವಳ ಬಗ್ಗೆ ನಾನು ಬಾಯಿ ಬಿಡಲಿಲ್ಲ.

ಸೋಮವಾರ ಲ್ಯಾಪ್‌ಟಾಪು ಬಂತು.
ಕಚೇರಿ ಎಂದರೆ ಇನ್ನು ಅಮ್ಮನ ಮೊರದ ಪಕ್ಕದ ಈ ಮೇಜು;
ಹೊಗೆಸೊಪ್ಪಿನ ಘಾಟಿಗೆ ಮೀಟಿಂಗಿನಲ್ಲಿ ಸೀನು ಬಂದರೆ
ಮೈಕು ಮುಚ್ಚಬೇಕು.
ಕೊರಿಯರಿನವ ಓಣಿಯ ತುದಿಯಿಂದ
ಪೆಟ್ಟಿಗೆ ಎತ್ತಿ ಹಿಡಿದು ಮಲಯಾಳದಲ್ಲಿ ಕೂಗಿದ:
"ಅಮ್ರಿತಾಕ್ಷಿ ಅಲ್ಲೇ?"

ಹೌದಲ್ಲವೇ, ಎಂದು ಅವನು ಕೇಳಿದ್ದು.
ನನ್ನ ಕಿವಿಗೆ ಬಿದ್ದದ್ದು
ಅವಳು ಅಲ್ಲೇ ಎಲ್ಲೋ ದೂರದಲ್ಲಿದ್ದಾಳೆ ಎಂಬಂತೆ.

ಇಲ್ಲೇ, ಎಂದೆ.